ಎದ್ದರು, ಎದ್ದಿದ್ದಾರೆ

“ಸೆನ್ಸೇ, ಈಸ್ಟರ್ ಅಂದರೆ ಮೊಲದ ಹಬ್ಬ ಅಲ್ವಾ?”

ಕೇಳಿದ್ದು ಜಪಾನಿನ ಒಬ್ಬ ನರ್ಸ್, ಆನ್‌ಲೈನಿನಲ್ಲಿ ನನ್ನ ಇಂಗ್ಲಿಷ್ ವಿದ್ಯಾರ್ಥಿನಿ. ಸೆನ್ಸೇ ಅಂದರೆ ಟೀಚರ್. 2022ರ ಏಪ್ರಿಲ್, ಸಂಜೆ ನಾಲ್ಕೂವರೆ. ಶಿವಮೊಗ್ಗದಲ್ಲಿ ನಾಲ್ಕೂವರೆ ಅಂದರೆ ಅಲ್ಲಿ ರಾತ್ರಿ ಎಂಟು. ಡ್ಯೂಟಿ ಮುಗಿಸಿ, ಸ್ನಾನ ಮಾಡಿ, ಕೂದಲು ಒರೆಸಿಕೊಳ್ಳುತ್ತಾ ಕೂತಿದ್ದಳು. ನಾನು ಒಂದು ಗಳಿಗೆ ಯೋಚಿಸಿದೆ. ಆಮೇಲೆ “ಹೌದು, ಮೊಲ, ಬಣ್ಣದ ಮೊಟ್ಟೆ, ಚಾಕೊಲೇಟು” ಅಂದುಬಿಟ್ಟೆ. ಪಾಠ ಮುಂದೆ ಹೋಯಿತು.

ಅವತ್ತು ಪವಿತ್ರ ಗುರುವಾರ. ಮೂರು ದಿನ ಕಳೆದರೆ ಈಸ್ಟರ್, ಸತ್ತ ಯೇಸು ಎದ್ದು ಬಂದದ್ದರ ಹಬ್ಬ. ಈಸ್ಟರಿಗೆ ಮುಂಚಿನ ವ್ರತ ಶುರುವಾಗುವ ಬೂದಿ ಬುಧವಾರದಿಂದ ನಮ್ಮ ಮನೆಗೆ ಮಾಂಸ ಬಂದಿರಲಿಲ್ಲ. ಕ್ಲಾಸ್ ಮುಗಿಸಿ ಚರ್ಚಿಗೆ ಓಡಿದೆ. ಆ ಸಂಜೆಯ ಪೂಜೆಯಲ್ಲಿ ಗುರುಗಳು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂತವಳಿಗೆ ಯೇಸುವಿನ ಶಿಷ್ಯ ಪೇತ್ರನ ನೆನಪಾಯಿತು. ಅವನು ‘ಯೇಸು ಯಾರೋ ನನಗೆ ಗೊತ್ತಿಲ್ಲ’ ಅಂತ ಮೂರು ಸಲ ಹೇಳಿದ್ದು ಇದೇ ಗುರುವಾರದ ರಾತ್ರಿ, ಜೀವಭಯದಲ್ಲಿ. ನಾನು ಹೇಳಿದ್ದು ಒಂದೇ ಸಲ. ಆದರೆ ನನಗೆ ಯಾವ ಭಯ ಇತ್ತು? 25 ನಿಮಿಷದ ಒಂದು ಕ್ಲಾಸು ತಪ್ಪಿಹೋಗುವ ಭಯ, ಅಷ್ಟೇ.

ನಾನು ಹೈಸ್ಕೂಲಿನಲ್ಲಿ 26 ವರ್ಷ ಇಂಗ್ಲಿಷ್ ಹೇಳಿಕೊಟ್ಟವಳು. ನಮ್ಮಜ್ಜ ಘಟ್ಟದ ಕೆಳಗಿನಿಂದ ಆಗುಂಬೆ ಹತ್ತಿ ಬಂದವರು. ಹಾಗಾಗಿ ನನಗೆ ಮನೆಯಲ್ಲಿ ಕೊಂಕಣಿ, ಚರ್ಚಿನಲ್ಲಿ ಕನ್ನಡ, ಪಾಠಕ್ಕೆ ಇಂಗ್ಲಿಷ್. ನಿವೃತ್ತಿ ಆದ ಮೇಲೆ ಮಗಳು ಒಂದು ಆನ್‌ಲೈನ್ ಕಂಪನಿಗೆ ನನ್ನ ಹೆಸರು ಸೇರಿಸಿದಳು. “ಅಮ್ಮ, ಸುಮ್ನೆ ಕೂತು ಟಿವಿ ನೋಡೋ ಬದಲು ಜಪಾನಿನವರ ಹತ್ತಿರ ಮಾತಾಡು” ಅಂದಳು. ಈಗ ವಾರಕ್ಕೆ ಹದಿನೈದು ಕ್ಲಾಸು. ಮುಂಗಾರಿಗೆ ಮುಂಚಿನ ಗುಡುಗು ಮಳೆ ಶುರುವಾದರೆ ಕರೆಂಟ್ ಹೋಗುತ್ತೆ, ಇನ್ವರ್ಟರ್ ಮೇಲೆ ಪಾಠ ನಡೆಯುತ್ತೆ.

ಕಂಪನಿಯ ನಿಯಮ ಸರಳ. ಧರ್ಮ, ರಾಜಕೀಯ ನೀವಾಗಿ ತೆಗೆಯಬಾರದು. ಅವರು ಕೇಳಿದರೆ ಚಿಕ್ಕದಾಗಿ ಹೇಳಬಹುದು. ಮೊದಮೊದಲು ಇದು ಬಾಯಿಗೆ ಬೀಗ ಹಾಕಿದ ಹಾಗೆ ಅನಿಸಿತ್ತು. ಈಗ ಸರಿ ಅನಿಸುತ್ತೆ. ಅವರು ದುಡ್ಡು ಕೊಡುವುದು ಇಂಗ್ಲಿಷಿಗೆ. ನನ್ನ ಮಗಳು ಗಣಿತದ ಟ್ಯೂಷನ್ನಿಗೆ ಹೋಗಿ ಅಲ್ಲಿ ಬೇರೇನೋ ಉಪದೇಶ ಕೇಳಿ ಬಂದಿದ್ದರೆ ನಾನು ಸುಮ್ಮನಿರುತ್ತಿದ್ದೆನಾ? ಜಪಾನಿನಲ್ಲಿ ಇನ್ನೊಂದು ಕಾರಣವೂ ಇದೆ. 1995ರಲ್ಲಿ ಓಂ ಶಿನ್‌ರಿಕ್ಯೊ ಅನ್ನುವ ಪಂಥದವರು ಟೋಕಿಯೊ ಮೆಟ್ರೋದಲ್ಲಿ ವಿಷಾನಿಲ ಬಿಟ್ಟರು. ಆಮೇಲಿಂದ ಯಾರಾದರೂ ಧರ್ಮದ ಮಾತು ತೆಗೆದರೆ ನಮ್ಮವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ ಅಂತ ವಯಸ್ಸಾದ ಒಬ್ಬ ವಿದ್ಯಾರ್ಥಿನಿಯೇ ನನಗೆ ಹೇಳಿದರು.

ಮೊಲದ ಉತ್ತರ ಕೊಟ್ಟ ಪಶ್ಚಾತ್ತಾಪಕ್ಕೆ ಮುಂದಿನ ವರ್ಷ ನಾನು ಉಲ್ಟಾ ತಪ್ಪು ಮಾಡಿದೆ. ಕಾಲೇಜು ಹುಡುಗಿಯೊಬ್ಬಳು ಈಸ್ಟರ್ ಬಗ್ಗೆ ಕೇಳಿದಳು. ನಾನು ಆದಾಮನಿಂದ ಶುರು ಮಾಡಿದೆ. ಪಾಪ, ಬಲಿ, ವಿಮೋಚನೆ, ಪುನರುತ್ಥಾನ. 25 ನಿಮಿಷದಲ್ಲಿ 22 ನಿಮಿಷ ನಾನೇ ಮಾತಾಡಿದೆ. ಅವಳು ತಲೆ ಆಡಿಸುತ್ತಾ ಇದ್ದಳು. ಜಪಾನಿನವರು ತಲೆ ಆಡಿಸಿದರೆ ‘ಕೇಳಿಸ್ತಾ ಇದೆ’ ಅಂತ ಅರ್ಥ, ‘ಒಪ್ಪಿದೆ’ ಅಂತ ಅಲ್ಲ. ಇದು ನನಗೆ ಆಮೇಲೆ ಗೊತ್ತಾಯಿತು. ಕೊನೆಗೆ “ಕಥೆ ಚೆನ್ನಾಗಿದೆ, ಥ್ಯಾಂಕ್ಯೂ” ಅಂದಳು. ಮತ್ತೆ ಬರಲಿಲ್ಲ. ಶಿಕ್ಷಕಿಯಾಗಿಯೇ ನಾನು ಸೋತಿದ್ದೆ. ಇಂಗ್ಲಿಷ್ ಕಲಿಯಲು ಬಂದವಳಿಗೆ ಮೂರು ನಿಮಿಷವೂ ಮಾತಾಡಲು ಬಿಡಲಿಲ್ಲ.

ಆಮೇಲೆ ಬುದ್ಧಿವಂತಿಕೆ ಮಾಡಲು ಹೋದೆ. ದೊಡ್ಡ ಮಾತು ಬೇಡ, ಒಂದು ಹೋಲಿಕೆ ಕೊಟ್ಟರೆ ಸಾಕು ಅಂದುಕೊಂಡೆ. ಮಲೆನಾಡಿನವಳಿಗೆ ಹೋಲಿಕೆಗೆ ಬರವಾ? ಭತ್ತ. ನೆನೆಸಿ, ಗೋಣಿಯಲ್ಲಿ ಕಟ್ಟಿಟ್ಟು, ಮೊಳಕೆ ಬಂದ ಮೇಲೆ ಅಗೆ ಹಾಕುತ್ತೇವಲ್ಲ, ಅದೇ. ಕಾಳು ಮಣ್ಣಲ್ಲಿ ಸತ್ತು ಹೊಸ ಜೀವ ಬರುತ್ತೆ ಅಂತ ಹೇಳಿದೆ. ಕೇಳುತ್ತಿದ್ದವನು ನೀಗಾತದ ಒಬ್ಬ ಹುಡುಗ. ನೀಗಾತ ಅಂದರೆ ಜಪಾನಿನ ಅಕ್ಕಿಯ ಸೀಮೆ. ಅವನದು ಗದ್ದೆ ಮಾಡುವ ಮನೆ. ಅವನು ತಡೆದು ತಡೆದು ಹೇಳಿದ: “ಸೆನ್ಸೇ, ಬೀಜ ಸಾಯೋದಿಲ್ಲ. ನಮ್ಮಪ್ಪ ಬೀಜವನ್ನು ಉಪ್ಪು ನೀರಿಗೆ ಹಾಕುತ್ತಾರೆ. ಸತ್ತಿದ್ದು ತೇಲುತ್ತೆ. ಅದನ್ನು ಎಸೀತೀವಿ.”

ನಮ್ಮಲ್ಲೂ ಅಷ್ಟೇ ತಾನೇ! ಜೊಳ್ಳು ತೇಲುತ್ತೆ, ಗಟ್ಟಿ ಕಾಳು ಮುಳುಗುತ್ತೆ. ಮೊಳಕೆ ಬರುವುದು ಜೀವ ಇದ್ದ ಕಾಳು. “ಹಾಗಾದರೆ ಯೇಸು ಸತ್ತಿರಲಿಲ್ವಾ? ಮಲಗಿದ್ದರಾ?” ಅಂತ ಅವನು ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಗೋಧಿ ಕಾಳಿನ ಮಾತನ್ನು ಯೇಸುವೇ ಆಡಿದ್ದಾರೆ, ಬೈಬಲಿನ ಯೊವಾನ್ನರ ಸುವಾರ್ತೆಯ 12ನೇ ಅಧ್ಯಾಯದಲ್ಲಿದೆ. ಆದರೆ ಅವರು ಅದನ್ನು ಹೇಳಿದ್ದು ಒಂದು ಕಾಳು ತನ್ನನ್ನೇ ಕೊಟ್ಟುಕೊಂಡರೆ ನೂರಾಗುತ್ತೆ ಅನ್ನುವುದಕ್ಕೆ. ಸತ್ತವರು ಏಳುವುದು ಪ್ರಕೃತಿಯಲ್ಲಿ ದಿನಾ ನಡೆಯುವ ಸಂಗತಿ ಅಂತ ತೋರಿಸುವುದಕ್ಕಲ್ಲ. ದಿನಾ ನಡೆಯುವುದಾಗಿದ್ದರೆ ಅದಕ್ಕೆ ಹಬ್ಬ ಯಾಕೆ? ಆ ಹುಡುಗನಿಂದಾಗಿ ವಸಂತ, ಚಿಗುರು, ಹೂಮಳೆ ಬಿದ್ದು ಅರಳುವ ಕಾಫಿ ಹೂವು, ಎಲ್ಲ ಹೋಲಿಕೆಗಳನ್ನೂ ಕೈಬಿಟ್ಟೆ. ಕಾಫಿ ಹೂವನ್ನು ಬಿಡುವಾಗ ಮಾತ್ರ ಸ್ವಲ್ಪ ಬೇಜಾರಾಯಿತು.

ಕೊನೆಗೆ ದಾರಿ ಸಿಕ್ಕಿದ್ದು ವ್ಯಾಕರಣದಲ್ಲಿ. ನಾನು ಹುಡುಕಿದ್ದಲ್ಲ, ತಾನಾಗಿ ಬಂತು.

2024ರಲ್ಲಿ ಈಸ್ಟರ್ ಮಾರ್ಚ್ 31ಕ್ಕೆ ಬಿತ್ತು. ಮರುದಿನ ಅದೇ ನರ್ಸ್ ಕ್ಲಾಸಿಗೆ ಬಂದಳು. ಎಲ್ಲೋ ಒಂದು ಶುಭಾಶಯದ ಕಾರ್ಡ್ ನೋಡಿದ್ದಳಂತೆ. ಅದರಲ್ಲಿ ‘ಹಿ ಈಸ್ ರಿಸನ್’ ಅಂತ ಇತ್ತು. “ಇದು ತಪ್ಪಲ್ವಾ ಸೆನ್ಸೇ? ‘ಹಿ ಹ್ಯಾಸ್ ರಿಸನ್’ ಅಂತ ಇರಬೇಕು ಅಲ್ವಾ?” ಅಂತ ಕೇಳಿದಳು.

ಇದು ನನ್ನ ಕೆಲಸದ ಪ್ರಶ್ನೆ. ಇದಕ್ಕೆ ಯಾವ ನಿಯಮವೂ ಅಡ್ಡಿ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ಬರು, ಹೋಗು, ಏಳು ಇಂಥ ಕ್ರಿಯಾಪದಗಳಿಗೆ ‘ಹ್ಯಾಸ್’ ಬದಲು ‘ಈಸ್’ ಹಾಕುತ್ತಿದ್ದರು ಅಂತ ಹೇಳಿದೆ. ‘ಶಿ ಈಸ್ ಗಾನ್’ ಅಂತ ಈಗಲೂ ಅನ್ನುತ್ತೇವಲ್ಲ, ಅದು ಆ ಕಾಲದ್ದೇ ಉಳಿಕೆ. ‘ಶಿ ವೆಂಟ್’ ಅಂದರೆ ಹೋದಳು, ಬೇಕಾದರೆ ವಾಪಸ್ಸೂ ಬಂದಿರಬಹುದು. ‘ಶಿ ಈಸ್ ಗಾನ್’ ಅಂದರೆ ಹೋಗಿದ್ದಾಳೆ, ಈಗ ಇಲ್ಲಿಲ್ಲ. ಇದನ್ನು ಹೇಳುತ್ತಾ ಇದ್ದಾಗಲೇ ನನ್ನ ತಲೆಯಲ್ಲಿ ಕನ್ನಡ ಓಡುತ್ತಿತ್ತು. ರೈಲು ಬಂತು, ರೈಲು ಬಂದಿದೆ. ‘ಬಂದಿದೆ’ ಅಂದರೆ ಬಂದು ಇದೆ. ಟೌನ್ ಸ್ಟೇಷನ್ನಿನಲ್ಲಿ ನಿಂತಿದೆ, ಓಡಿದರೆ ಸಿಗುತ್ತೆ. ಹಾಗೇ ‘ಎದ್ದರು’ ಅಂದರೆ ಆಗಿಹೋದ ಸಂಗತಿ. ‘ಎದ್ದಿದ್ದಾರೆ’ ಅಂದರೆ ಎದ್ದು, ಇದ್ದಾರೆ.

ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ತರಬಾರದು. ಆದರೂ ಬಾಯಿ ತಡೆಯಲಿಲ್ಲ. “ನಮ್ಮ ಭಾಷೆಯಲ್ಲಿ ಎದ್ದು ಅಂತ ಒಂದು ಮಾತು, ಇದ್ದಾರೆ ಅಂತ ಇನ್ನೊಂದು ಮಾತು, ಎರಡನ್ನೂ ಅಂಟಿಸುತ್ತೇವೆ” ಅಂದೆ. ಅವಳ ಕಣ್ಣು ಅರಳಿತು. “ನಮ್ಮಲ್ಲೂ! ಒಕಿತಾ, ಒಕಿತೆ ಇರು!” ಅಂದಳು. ‘ಒಕಿತಾ’ ಅಂದರೆ ಎದ್ದ. ‘ಒಕಿತೆ’ ಅಂದರೆ ಎದ್ದು, ‘ಇರು’ ಅಂದರೆ ಇರು! ಅರ್ಥವೂ ಅದೇ, ಸದ್ದೂ ಅದೇ. ಇಬ್ಬರೂ ನಕ್ಕೆವು. ರಾತ್ರಿ ರೋಗಿಗಳ ವಾರ್ಡಿನಲ್ಲಿ ಅವಳು ಹತ್ತು ಸಲ ಕೇಳುವ ಪ್ರಶ್ನೆ ಅದಂತೆ, “ಎದ್ದಿದ್ದೀರಾ?”

ಆಮೇಲೆ ಅವಳೇ ಕೇಳಿದಳು. “ಹಾಗಾದರೆ ಆ ಕಾರ್ಡು, ಯೇಸು ಈಗ ಎದ್ದಿದ್ದಾರೆ ಅಂತ ಹೇಳ್ತಾ ಇದೆಯಾ? ಆಗ ಎದ್ದರು ಅಂತಲ್ಲ?”

“ಹೌದು. ಕ್ರೈಸ್ತರು ನಂಬುವುದು ಅದನ್ನೇ. ನಾನೂ ನಂಬುತ್ತೇನೆ” ಅಂದೆ. ಅಷ್ಟೇ ಹೇಳಿದ್ದು. ಹೋದ ಸಲ 22 ನಿಮಿಷದಲ್ಲಿ ಹೇಳಲು ಆಗದ್ದು ಈ ಸಲ ಎರಡು ವಾಕ್ಯದಲ್ಲಿ ಮುಗಿಯಿತು.

ಈ ಸಂಗತಿಯನ್ನು ಒಬ್ಬ ಫಾದರ್ ಹತ್ತಿರ ಹೇಳಿದೆ. ಸೆಮಿನರಿಯಲ್ಲಿ ಗ್ರೀಕ್ ಕಲಿತವರು ಅವರು. “ಟೀಚರ್, ನೀವು ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ” ಅಂತ ಹೇಳಿ, ಬೈಬಲಿನಲ್ಲಿ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ ತೆಗೆದರು. ಯೇಸು ಸತ್ತು ಸುಮಾರು ಇಪ್ಪತ್ತೈದು ವರ್ಷಕ್ಕೆ ಬರೆದ ಪತ್ರ ಅದು. ಅಲ್ಲಿ ‘ಸತ್ತರು’, ‘ಹೂಳಲಾಯಿತು’ ಎರಡೂ ಗ್ರೀಕಿನಲ್ಲಿ ಆಗಿಹೋದ ಕಾಲದಲ್ಲಿವೆ. ಮೂರನೆಯ ಮಾತು ಬಂದಾಗ ಪೌಲರು ಕಾಲವನ್ನೇ ಬದಲಾಯಿಸುತ್ತಾರೆ. ಅದು ನಮ್ಮ ‘ಎದ್ದಿದ್ದಾರೆ’ ತರಹದ ರೂಪ. ಅದೂ ಅಲ್ಲದೆ ಅವರು ಬಳಸಿದ ಕ್ರಿಯಾಪದ ದೊಡ್ಡ ಪೂಜಾಮಾತೇನಲ್ಲ, ಬೆಳಿಗ್ಗೆ ಹಾಸಿಗೆಯಿಂದ ಏಳುವುದಕ್ಕೂ ಅದೇ ಮಾತು. ನಾನು ಐವತ್ತು ವರ್ಷದಿಂದ ‘ಪುನರುತ್ಥಾನ’ ಅಂತ ಹೇಳುತ್ತಾ ಬಂದವಳು. ಅದರ ಒಳಗೆ ‘ಏಳು’ ಅನ್ನುವ ಮನೆಮಾತು ಕೂತಿದೆ ಅಂತ ನನಗೆ ತೋರಿಸಿದ್ದು ಜಪಾನಿನ ಒಬ್ಬ ನರ್ಸ್.

‘ಪುನರುತ್ಥಾನ’ದ ತೊಂದರೆ ಇಲ್ಲಿಯೂ ಇದೆ ಬಿಡಿ. ನಮ್ಮ ಪಕ್ಕದ ಮನೆ ಅಕ್ಕ ಯುಗಾದಿಗೆ ಹೋಳಿಗೆ ಕೊಡುತ್ತಾರೆ, ನಾನು ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಕೇಕ್ ಕೊಡುತ್ತೇನೆ. ಇಡ್ಲಿಯಂಥ ಸಾನ್ನದ ಜೊತೆಗಿನ ಮಾಂಸದ ಪದಾರ್ಥ ಅವರಿಗೆ ಆಗಿಬರುವುದಿಲ್ಲ, ಅದು ನಮಗೇ ಇರಲಿ. ಹೀಗೇ ಎಷ್ಟೋ ವರ್ಷ ಕೊಟ್ಟು ತಗೊಂಡ ಮೇಲೆ ಒಂದು ದಿನ “ಇದು ನಿಮ್ಮ ದೇವರ ಪುನರ್ಜನ್ಮದ ಹಬ್ಬ ಅಲ್ವೇನೆ?” ಅಂದರು. ಅಲ್ಲ ಅಕ್ಕ, ಪುನರ್ಜನ್ಮ ಅಂದರೆ ಬೇರೆ ಮೈ, ಬೇರೆ ಹೆಸರು. ಇಲ್ಲಿ ಅದೇ ಮನುಷ್ಯ, ಕೈಯಲ್ಲಿ ಅದೇ ಮೊಳೆಯ ಗಾಯ ಅಂದೆ. ಗಾಯ ವಾಸಿ ಆಗಿರಲಿಲ್ವಾ ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ತೋಮ ಅನ್ನುವ ಶಿಷ್ಯ ನಂಬದೇ ಇದ್ದಾಗ ಯೇಸು ತೋರಿಸಿದ್ದು ಆ ಗಾಯವನ್ನೇ. ಜಪಾನಿನಲ್ಲೂ ಬೌದ್ಧ ಮನೆಗಳಿಂದ ಬಂದವರು ಮೊದಲು ಕೇಳುವುದು ಪುನರ್ಜನ್ಮವನ್ನೇ. ಪಕ್ಕದ ಮನೆ ಅಕ್ಕನ ಜೊತೆ ಬೇಲಿಯ ಹತ್ತಿರ ಅಭ್ಯಾಸ ಆಗಿದ್ದರಿಂದ ನನಗೆ ತಡವರಿಸದೆ ಹೇಳಲು ಬಂತು.

ಈಸ್ಟರಿಗೆ ಜಪಾನಿ ಹೆಸರು ‘ಫುಕ್ಕತ್ಸುಸಾಯ್’. ಫುಕ್ಕತ್ಸು ಅಂದರೆ ಮತ್ತೆ ಜೀವಂತ ಆಗುವುದು, ಸಾಯ್ ಅಂದರೆ ಹಬ್ಬ. ಆದರೆ ಆ ಮಾತು ಅಲ್ಲಿ ಸವೆದುಹೋಗಿದೆ. ಮಾರಾಟ ನಿಲ್ಲಿಸಿದ ಬಿಸ್ಕತ್ತು ಮತ್ತೆ ಅಂಗಡಿಗೆ ಬಂದರೂ ಫುಕ್ಕತ್ಸು. ಸೋತ ಆಟಗಾರರಿಗೆ ಇನ್ನೊಂದು ಅವಕಾಶ ಕೊಡುವ ಪಂದ್ಯದ ಹೆಸರಿನಲ್ಲೂ ಫುಕ್ಕತ್ಸು. ಇನ್ನೊಂದು ಹಳೆಯ ಮಾತು ಇದೆ, ‘ಯೊಮಿಗಾಎರು’. ಯೊಮಿ ಅಂದರೆ ಸತ್ತವರ ಲೋಕ, ಕಾಎರು ಅಂದರೆ ಹಿಂತಿರುಗು. ಇದನ್ನು ಬಿಡಿಸಿ ಹೇಳಿದ್ದು ನಾಗಾಸಾಕಿಯ ಒಬ್ಬ ಅಜ್ಜ. ಅವರ ಬಗ್ಗೆ ಮುಂದೆ ಹೇಳುತ್ತೇನೆ.

ಯಾರಾದರೂ ಕೇಳಿದರೆ ಈಗ ನಾನು ಮಾಡುವುದು ಇಷ್ಟು. ಅರ್ಥ ಹೇಳುವುದಿಲ್ಲ. ನಮ್ಮೂರಲ್ಲಿ ಆ ವಾರ ಏನೇನು ಮಾಡುತ್ತೇವೆ ಅಂತ ಹೇಳುತ್ತೇನೆ. ಹಬ್ಬ ಹೇಗೆ ಮಾಡುತ್ತೀರಿ ಅನ್ನುವುದು ಇಂಗ್ಲಿಷ್ ಸಂಭಾಷಣೆಗೆ ಹೇಳಿ ಮಾಡಿಸಿದ ವಿಷಯ. ಮೊದಲು ಅವರ ಹಬ್ಬ, ಆಮೇಲೆ ನನ್ನದು. ಗರಿಗಳ ಭಾನುವಾರ ಕೈಯಲ್ಲಿ ಗರಿ ಹಿಡಿದು ಮೆರವಣಿಗೆ. ಗುರುವಾರ ಕಾಲು ತೊಳೆಯುವುದು. ಯೇಸು ಸತ್ತ ಶುಭ ಶುಕ್ರವಾರ ಒಪ್ಪೊತ್ತು, ಗಂಜಿ ಚಟ್ನಿ, ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಶಿಲುಬೆಹಾದಿ. ಗುರುವಾರ ರಾತ್ರಿ ನಿಂತ ಗಂಟೆ ಶನಿವಾರ ರಾತ್ರಿಯವರೆಗೆ ಬಾರಿಸುವುದಿಲ್ಲ. ಗಂಟೆಯ ಬದಲು ಮರದ ಹಲಗೆಯ ಟಕ್ ಟಕ್ ಸದ್ದು. ‘ಶುಭ’ ಅಂತ ಯಾಕೆ ಕರೆಯುತ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಭಾನುವಾರದ ತನಕ ಕಾಯಿರಿ ಅನ್ನುತ್ತೇನೆ.

ತಾರೀಕು ಯಾಕೆ ಬದಲಾಗುತ್ತೆ ಅಂತಲೂ ಕೇಳುತ್ತಾರೆ. ಮಾರ್ಚ್ 21 ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ, ಅದಾದ ಮೇಲಿನ ಮೊದಲ ಭಾನುವಾರ. ಹಾಗಾಗಿ ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಯಾವತ್ತಾದರೂ ಬರಬಹುದು. ನಮಗೆ ಯುಗಾದಿ, ಶಿವರಾತ್ರಿ ಎಲ್ಲ ಚಂದ್ರನ ಲೆಕ್ಕವೇ ಆದ್ದರಿಂದ ಇದು ಸಲೀಸು. ಜಪಾನಿನವರು 1873ರಲ್ಲೇ ಚಂದ್ರನ ಪಂಚಾಂಗ ಬಿಟ್ಟವರು, ಅವರಿಗೆ ವಿಚಿತ್ರ ಅನಿಸುತ್ತೆ.

ನಾನು ನಿಧಾನ ಮಾಡುವುದು ಶನಿವಾರ ರಾತ್ರಿಗೆ. ನಾನು ಹೋಗುವುದು ಪವಿತ್ರ ಹೃದಯದ ಪ್ರಧಾನಾಲಯಕ್ಕೆ, ಊರವರ ಬಾಯಲ್ಲಿ ಸೇಕ್ರೆಡ್ ಹಾರ್ಟ್ ಚರ್ಚ್. 1988ರಲ್ಲಿ ಶಿವಮೊಗ್ಗ ಬೇರೆಯೇ ಧರ್ಮಪ್ರಾಂತ್ಯ ಆದಾಗಿನಿಂದ ನಮ್ಮ ಬಿಷಪರ ಚರ್ಚು ಅದು. ದೀಪ ಎಲ್ಲ ಆರಿಸಿರುತ್ತಾರೆ. ಅಷ್ಟು ದೊಡ್ಡ ಕಟ್ಟಡ ಪೂರ್ತಿ ಕತ್ತಲು. ಹೊರಗೆ ಅಂಗಳದಲ್ಲಿ ಬೆಂಕಿ ಹಾಕುತ್ತಾರೆ. ಆ ಬೆಂಕಿಯಿಂದ ಒಂದು ದೊಡ್ಡ ಮೇಣದ ಬತ್ತಿ ಹಚ್ಚುತ್ತಾರೆ. ಅದರ ಮೇಲೆ ಶಿಲುಬೆ, ಗ್ರೀಕಿನ ಮೊದಲ ಮತ್ತು ಕೊನೆಯ ಅಕ್ಷರ, ಆ ವರ್ಷದ ಇಸವಿ. ಇಸವಿ ಯಾಕೆ ಅಂತ ನರ್ಸ್ ಕೇಳಿದ್ದಳು. ‘ಎದ್ದಿದ್ದಾರೆ’ ಅನ್ನುವುದು ಈ ವರ್ಷಕ್ಕೂ ಸೇರಿದ ಮಾತು, ಅದಕ್ಕೆ ಅಂದೆ. ಆ ಬತ್ತಿ ಕತ್ತಲಲ್ಲಿ ಒಳಗೆ ಬರುತ್ತೆ. ಮೂರು ಸಲ ನಿಂತು ಹಾಡುತ್ತಾರೆ. ಜನ ತಮ್ಮ ಕೈಯ ಸಣ್ಣ ಬತ್ತಿಗಳನ್ನು ಅದರಿಂದ ಹಚ್ಚಿಕೊಂಡು ಪಕ್ಕದವರಿಗೆ ಕೊಡುತ್ತಾರೆ. ಯಾರ ಪಕ್ಕ ಯಾರು ಕೂತಿದ್ದಾರೆ ಅಂತ ಗೊತ್ತಾಗುವುದೇ ಆಗ. ಒಂದು ವರ್ಷ ಇದರ ನಡುವೆ ಗುಡುಗು ಮಳೆ ಬಂದು ಇಡೀ ಬಡಾವಣೆಯ ಕರೆಂಟ್ ಹೋಗಿತ್ತು. ಒಳಗಿದ್ದ ನಮಗೆ ಯಾರಿಗೂ ಗೊತ್ತೇ ಆಗಲಿಲ್ಲ! ಗ್ಲೋರಿಯಾ ಅನ್ನುವ ಸ್ತುತಿಗೀತೆ ಹಾಡುವಾಗ ಎಲ್ಲ ಲೈಟೂ ಒಟ್ಟಿಗೆ ಹತ್ತಬೇಕು, ಹತ್ತಲಿಲ್ಲ. ಗಂಟೆಗಳು ಮಾತ್ರ ಕತ್ತಲಲ್ಲೇ ಬಾರಿಸಿದವು. ಈ ಕಥೆ ಹೇಳಿದಾಗ ಒಬ್ಬಳು ವಿದ್ಯಾರ್ಥಿನಿ “ನನಗೆ ಆ ವರ್ಷದ್ದೇ ಇಷ್ಟ” ಅಂದಳು.

ಎಲ್ಲವೂ ಸಲೀಸಾಗಿ ನಡೆಯುತ್ತೆ ಅಂತ ಅಲ್ಲ. ‘ಒಬೋನ್’ ಅಂತ ಅವರ ಒಂದು ಹಬ್ಬ ಇದೆ, ಹೆಚ್ಚಿನ ಊರುಗಳಲ್ಲಿ ಆಗಸ್ಟ್ ಮಧ್ಯದಲ್ಲಿ. ಸತ್ತ ಹಿರಿಯರು ಮನೆಗೆ ಬರುತ್ತಾರೆ, ದೀಪ ಇಟ್ಟು ಕರೆಯುತ್ತಾರೆ, ದೀಪ ಇಟ್ಟೇ ಕಳಿಸುತ್ತಾರೆ. ಕೇಳಿದಾಗ ನನಗೆ ನಮ್ಮ ಕಡೆಯ ಪಿತೃಪಕ್ಷ ನೆನಪಾಯಿತು. “ನಮ್ಮವರು ಬಂದು ವಾಪಸ್ ಹೋಗುತ್ತಾರೆ, ನಿಮ್ಮ ಯೇಸು ಹೋಗಲ್ವಾ?” ಅಂತ ಒಬ್ಬರು ಕೇಳಿದರು. ಹೋಗುತ್ತಾರೆ, ನಲವತ್ತನೇ ದಿನ ಸ್ವರ್ಗಾರೋಹಣ. ಆದರೆ ಹೋಗಿಬಿಟ್ಟಿದ್ದಾರೆ ಅಂತ ಅಲ್ಲ. ಇದನ್ನು ಇಂಗ್ಲಿಷಿನಲ್ಲಿ ಹೇಳಲು ಹೋಗಿ ನಾನೇ ಸಿಕ್ಕಿಹಾಕಿಕೊಂಡೆ. ಕನ್ನಡದಲ್ಲಿ ಹೇಳು ಅಂದಿದ್ದರೂ ಅಷ್ಟೇ ಆಗುತ್ತಿತ್ತು. “ಮುಂದಿನ ವಾರ ಹೇಳುತ್ತೇನೆ” ಅಂದೆ. ಆ ಮುಂದಿನ ವಾರ ಇನ್ನೂ ಬಂದಿಲ್ಲ.

ಈಗ ನಾಗಾಸಾಕಿಯ ಅಜ್ಜ. ನಿವೃತ್ತ ಗುಮಾಸ್ತ, ಹೆಂಡತಿ ತೀರಿಕೊಂಡು ಮೂರು ವರ್ಷ ಆಗಿದೆ. ಅವರು ಕ್ರೈಸ್ತರಲ್ಲ. ಆದರೆ ತಮ್ಮ ಊರಿನ ಕಥೆ ನನಗಿಂತ ಚೆನ್ನಾಗಿ ಗೊತ್ತು. 1597ರ ಫೆಬ್ರವರಿ 5ರಂದು ಅಲ್ಲಿಯ ಗುಡ್ಡದ ಮೇಲೆ 26 ಜನ ಕ್ರೈಸ್ತರನ್ನು ಶಿಲುಬೆಗೆ ಏರಿಸಿದರು. ಅವರಲ್ಲಿ ಒಬ್ಬರು ನಮ್ಮ ದೇಶದವರು, ಮುಂಬಯಿ ಹತ್ತಿರದ ವಸಯಿಯಲ್ಲಿ ಹುಟ್ಟಿದ ಗೊನ್ಸಾಲೊ ಗಾರ್ಸಿಯ. ಇದನ್ನು ನಾನು ಹೇಳಿದಾಗ ಅಜ್ಜ ಎದ್ದು ನಿಂತು ಕ್ಯಾಮರಾ ಮುಂದೆ ಬಗ್ಗಿ ನಮಸ್ಕಾರ ಮಾಡಿದರು. ನನಗೆ ಏನು ಮಾಡಬೇಕೋ ತಿಳಿಯದೆ ನಾನೂ ಎದ್ದು ಕೈ ಮುಗಿದೆ. 1614ರಿಂದ ಕ್ರೈಸ್ತ ಧರ್ಮಕ್ಕೆ ದೇಶದಾದ್ಯಂತ ನಿಷೇಧ. ಗುರುಗಳಿಲ್ಲ, ಚರ್ಚಿಲ್ಲ. 1865ರಲ್ಲಿ ನಾಗಾಸಾಕಿಯ ಒಉರಾದಲ್ಲಿ ಹೊಸದಾಗಿ ಕಟ್ಟಿದ ಚರ್ಚಿಗೆ ಕೆಲವು ಹಳ್ಳಿಯವರು ಬಂದು, ನಮ್ಮ ನಂಬಿಕೆಯೂ ನಿಮ್ಮದೇ ಅಂತ ಅಲ್ಲಿಯ ಫ್ರೆಂಚ್ ಗುರುಗಳಿಗೆ ಗುಟ್ಟಾಗಿ ಹೇಳಿದರು. ಏಳೆಂಟು ತಲೆಮಾರು ಮನೆಯೊಳಗೇ ಉಳಿಸಿಕೊಂಡಿದ್ದರು. ಆಗ ಮಾರ್ಚ್ ತಿಂಗಳು, ಈಸ್ಟರಿಗೆ ಮುಂಚಿನ ತಪಸ್ಸುಕಾಲ. ಆ ಹಳ್ಳಿಯವರೂ ಅದನ್ನು ಪಾಲಿಸುತ್ತಾ ಇದ್ದರು. ಅದಕ್ಕೆ ಅವರ ಹೆಸರು ‘ದುಃಖದ ಕಾಲ’.

ಹೋದ ವರ್ಷ, 2025ರಲ್ಲಿ, ಈಸ್ಟರ್ ಏಪ್ರಿಲ್ 20ಕ್ಕೆ ಇತ್ತು. ಆ ವಾರ ಅಜ್ಜ ಒಂದು ಪ್ರಶ್ನೆ ಕೇಳಿದರು. “ಎದ್ದು ಬಂದ ಮೇಲೆ ಅವರು ಏನು ಮಾಡಿದರು?” ಇದನ್ನು ಇಷ್ಟು ನೇರವಾಗಿ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನಾನು ಯೊವಾನ್ನರ ಕೊನೆಯ ಅಧ್ಯಾಯ ಹೇಳಿದೆ. ಶಿಷ್ಯರು ರಾತ್ರಿಯೆಲ್ಲ ಬಲೆ ಹಾಕಿ ಏನೂ ಸಿಗದೆ ದೋಣಿಯಲ್ಲಿ ದಡದ ಹತ್ತಿರ ಬರುತ್ತಾರೆ. ದಡದಲ್ಲಿ ಒಬ್ಬರು ನಿಂತಿದ್ದಾರೆ, ಯಾರೆಂದು ಗೊತ್ತಾಗುವುದಿಲ್ಲ. ಬಲಗಡೆ ಹಾಕಿ ಅನ್ನುತ್ತಾರೆ, ಬಲೆ ತುಂಬುತ್ತೆ. ದಡಕ್ಕೆ ಬಂದು ನೋಡಿದರೆ ಕೆಂಡದ ಮೇಲೆ ಮೀನು ಸುಡುತ್ತಿದೆ, ಪಕ್ಕದಲ್ಲಿ ರೊಟ್ಟಿ. ಬನ್ನಿ, ತಿಂಡಿ ತಿನ್ನಿ ಅನ್ನುತ್ತಾರೆ.

“ಬೆಳಗಿನ ತಿಂಡಿಗೆ ಸುಟ್ಟ ಮೀನು?” ಅಜ್ಜ ಜೋರಾಗಿ ನಕ್ಕರು. “ಅದು ಜಪಾನಿನ ತಿಂಡಿ!” ಹೆಂಡತಿ ಇದ್ದಾಗ ದಿನಾ ಬೆಳಿಗ್ಗೆ ಮೀನು ಸುಡುತ್ತಿದ್ದರಂತೆ. ಈಗ ಇವರು ಬ್ರೆಡ್ ತಿನ್ನುತ್ತಾರೆ. ಯಾವ ಮೀನು ಅಂತ ಕೇಳಿದರು. ಗಲಿಲೇಯದ್ದು ಸಿಹಿನೀರಿನ ಸರೋವರ, ಸಮುದ್ರದ ಮೀನಲ್ಲ ಅಂದೆ. ನಮ್ಮ ಲಿಂಗನಮಕ್ಕಿ ಹಿನ್ನೀರಿನ ಮೀನಿನ ಹಾಗೆ ಅಂತ ಹೇಳಲು ಹೊರಟು, ಹೋಲಿಕೆ ಬೇಡ ಅಂತ ಸುಮ್ಮನಾದೆ. ಎಷ್ಟು ಸಿಕ್ಕಿತ್ತು ಅಂತ ಕೇಳಿದರು. 153 ಅಂದೆ.

ಅಜ್ಜ ಪೆನ್ನು ತೆಗೆದು ಬರೆದುಕೊಂಡರು. ಬಹಳ ಹೊತ್ತು ಆ ಅಂಕಿಯನ್ನೇ ನೋಡುತ್ತಾ ಇದ್ದರು. ಆಮೇಲೆ, “ಸತ್ತವರು ಎದುರಿಗೆ ಕೂತಿದ್ದಾರೆ. ಆಗ ಮೀನು ಎಣಿಸಿದ್ದು ಯಾರು?” ಅಂತ ಕೇಳಿದರು.

ಅಷ್ಟರಲ್ಲಿ 25 ನಿಮಿಷ ಮುಗಿದು ಪರದೆ ಆರಿತು. ಭಾನುವಾರ ಪೂಜೆ ಆದ ಮೇಲೆ ಫಾದರ್‌ಗೆ ಇದೇ ಪ್ರಶ್ನೆ ಕೇಳಿದೆ. ಅವರು ಒಂದು ಕ್ಷಣ ತಡೆದು ನಕ್ಕರು. “ಮೀನುಗಾರರಲ್ವಾ ಟೀಚರ್, ಎಣಿಸದೆ ಇರುತ್ತಾರಾ? ಪಾಲು ಹಂಚಬೇಕಲ್ಲ” ಅಂದರು. ಮಂಗಳವಾರ ಅಜ್ಜನಿಗೆ ಹೇಳಿದೆ. ಅವರಿಗೆ ಸಮಾಧಾನ ಆಗಲಿಲ್ಲ. ಪೇತ್ರನೇ ಎಣಿಸಿರಬೇಕು, ಮೂರು ಸಲ ಗೊತ್ತಿಲ್ಲ ಅಂದವನಿಗೆ ಎದುರಿಗೆ ಕೂತು ಮುಖ ನೋಡಲು ಆಗಿರಲಿಕ್ಕಿಲ್ಲ ಅಂದರು. ಆಮೇಲೆ ಆ ‘ಆಗಿರಲಿಕ್ಕಿಲ್ಲ’ ಅನ್ನುವ ಅರ್ಥಕ್ಕೆ ಇಂಗ್ಲಿಷಿನಲ್ಲಿ ‘ಕುಡ್ ನಾಟ್ ಹ್ಯಾವ್’ ಅನ್ನಬೇಕಾ, ‘ಮೇ ನಾಟ್ ಹ್ಯಾವ್’ ಅನ್ನಬೇಕಾ ಅಂತ ಕೇಳಿದರು. ಆ ದಿನದ ಉಳಿದ ಪಾಠವೆಲ್ಲ ಅದಕ್ಕೇ ಹೋಯಿತು.